ಹಿಮೋಲೈಸ್ ಆದ (ಕೆಂಪು ಕಣ ಒಡೆದ) ಸ್ಯಾಂಪಲ್‌ನಲ್ಲಿ ಸಿಕೆ ಏರಿದ್ದೇಕೆ? ಅಡೆನಿಲೇಟ್ ಕೈನೇಸ್ ಕುರಿತು ಒಂದು ಪ್ರಶ್ನೆ

ಪ್ರಶ್ನೆ: ಡೊಂಬಿವ್ಲಿಯ ಪ್ರಯೋಗಾಲಯ ಉದ್ಯೋಗಿ

ಮಾನ್ಯರೇ,

ನಾನು ಡೊಂಬಿವ್ಲಿ ಪೂರ್ವದ ಒಂದು ಸಣ್ಣ ರಕ್ತಪರೀಕ್ಷಾ ಪ್ರಯೋಗಾಲಯದಲ್ಲಿ ನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಓದಿದ್ದು ಡಿಎಂಎಲ್‌ಟಿ, ಅಂದರೆ ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ. ಹತ್ತನೆಯ ತರಗತಿಯವರೆಗೆ ಮುಂಬಯಿಯ ಕನ್ನಡ ಶಾಲೆಯಲ್ಲಿಯೇ ಕಲಿತವನಾದ್ದರಿಂದ, ಯಾವುದಾದರೂ ವಿಷಯ ನಿಜವಾಗಿ ತಲೆಗೆ ಹತ್ತಬೇಕಾದರೆ ಅದನ್ನು ಕನ್ನಡದಲ್ಲಿ ಕೇಳಿ ತಿಳಿಯುವುದೇ ನನಗೆ ರೂಢಿ.

ಕಳೆದ ತಿಂಗಳು ಹೋಟೆಲಿನಲ್ಲಿ ದುಡಿಯುವ ಒಬ್ಬ ಹಿರಿಯರ ರಕ್ತ ನಮ್ಮಲ್ಲಿಗೆ ಬಂದಿತು. ಅವರು ಕೊಲೆಸ್ಟರಾಲ್ ಮಾತ್ರೆ ಆರಂಭಿಸಿದ ಮೇಲೆ ಮೀನಖಂಡ ನೋಯುತ್ತದೆ ಎಂದಿದ್ದರಿಂದ ವೈದ್ಯರು ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೋರುವ ಕ್ರಿಯೇಟಿನ್ ಕೈನೇಸ್ ಕಿಣ್ವದ, ಅಂದರೆ ಸಿಕೆ ಪರೀಕ್ಷೆ ಬರೆದಿದ್ದರು. ಮನೆಗೆ ಹೋಗಿ ರಕ್ತ ತೆಗೆದ ಹುಡುಗ ಅದನ್ನು ಡಬ್ಬಿಯಲ್ಲಿಟ್ಟುಕೊಂಡು ಅಂಬರನಾಥದಿಂದ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ತಂದಿದ್ದ. ಸೆಂಟ್ರಿಫ್ಯೂಜ್‌ನಿಂದ ಟ್ಯೂಬ್ ಹೊರತೆಗೆದಾಗ ತಿಳಿಹಳದಿಯಾಗಿರಬೇಕಿದ್ದ ಸೀರಮ್ ಕೋಕಂ ಶರಬತ್ತಿನ ಬಣ್ಣದಲ್ಲಿತ್ತು. ಆದರೂ ಅನಲೈಜರ್‌ಗೆ ಹಾಕಿದೆ. ಸಿಕೆ 286 ಬಂದಿತು. ನಮ್ಮಲ್ಲಿ ಗಂಡಸರಿಗೆ ಇಟ್ಟುಕೊಂಡಿರುವ ಮೇಲಿನ ಮಿತಿ 190. ನಮ್ಮ ಹಿರಿಯ ತಂತ್ರಜ್ಞರು ರಿಪೋರ್ಟ್ ತಡೆಹಿಡಿದು, ಮರುದಿನ ಮತ್ತೆ ರಕ್ತ ತೆಗೆಸಿದರು. ಆ ಸಲ ಸೀರಮ್ ತಿಳಿಯಾಗಿತ್ತು, ಸಿಕೆ 168.

"ಕೆಂಪು ಕಣ ಒಡೆದು ಅಡೆನಿಲೇಟ್ ಕೈನೇಸ್ ಹೊರಬಂದಿದೆ, ಅದರದ್ದೇ ಈ ಆಟ" ಎಂದು ಅವರು ಹೇಳಿ ಮುಂದಿನ ಕೆಲಸಕ್ಕೆ ಹೋದರು. ಕೆಂಪು ರಕ್ತಕಣದಲ್ಲಿ ಸಿಕೆ ಇಲ್ಲ ಎಂಬುದು ನನಗೂ ಗೊತ್ತು. ಆದರೆ ಪುಸ್ತಕ ತೆರೆದು ನೋಡಿದರೆ ಗೊಂದಲ ಹೆಚ್ಚಿತು. ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯಲ್ಲಿ ಮೂರು ಫಾಸ್ಫೇಟ್, ಎಡಿಪಿಯಲ್ಲಿ ಎರಡು, ಎಎಂಪಿಯಲ್ಲಿ ಒಂದು. ಅಡೆನಿಲೇಟ್ ಕೈನೇಸ್ ಎಂಬ ಕಿಣ್ವದಿಂದ ಎರಡು ಎಡಿಪಿ ಸೇರಿ ಒಂದು ಎಟಿಪಿ, ಒಂದು ಎಎಂಪಿ ಆಗುತ್ತದೆ. ಹಾಗೆಯೇ ಹಿಂದಕ್ಕೂ ಹೋಗುತ್ತದೆ. ಸಮಸ್ಥಿತಿ ಸ್ಥಿರಾಂಕ ಸುಮಾರು ಒಂದು, ಅಂದರೆ ಯಾವ ದಿಕ್ಕಿಗೂ ವಿಶೇಷ ಒಲವಿಲ್ಲ ಎಂದಷ್ಟೇ ಅಲ್ಲಿದೆ. ಲಾಭವೂ ಇಲ್ಲದ, ನಷ್ಟವೂ ಇಲ್ಲದ ಈ ವ್ಯವಹಾರ ನನ್ನ ಟ್ಯೂಬಿನಲ್ಲಿ ನೂರಕ್ಕೂ ಹೆಚ್ಚು ಯೂನಿಟ್‌ಗಳ ವ್ಯತ್ಯಾಸವನ್ನು ಹೇಗೆ ತಂದಿತು? ಎರಡನೆಯದಾಗಿ, ಗಳಿಸದ ಮತ್ತು ಖರ್ಚೂ ಮಾಡದ ಇಂಥ ಕಿಣ್ವವನ್ನು ಜೀವಕೋಶ ಸಾಕಿಕೊಂಡಿರುವುದಾದರೂ ಏಕೆ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ: ಮಾಟುಂಗಾದ ನಿವೃತ್ತ ಜೀವರಸಾಯನ ಉಪನ್ಯಾಸಕ

ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಅದು ಬಿಡಿಸಿಕೊಂಡರೆ ಮೊದಲನೆಯದರ ಗಂಟು ತಾನಾಗಿ ಸಡಿಲವಾಗುತ್ತದೆ.

ಮೊದಲು ಹೆಸರಿನ ಗೊಂದಲ ನಿವಾರಿಸೋಣ, ಏಕೆಂದರೆ ಉತ್ತರಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಕೆಂಪು ಶಾಯಿ ಸುರಿಸಿದ್ದು ಇಲ್ಲಿಯೇ. ಅಡೆನಿಲೇಟ್ ಎಂದರೆ ಎಎಂಪಿ. ಅದಕ್ಕೆ ಇನ್ನೊಂದು ಫಾಸ್ಫೇಟ್ ಗುಂಪನ್ನು ತೊಡಿಸುವುದು ಅಡೆನಿಲೇಟ್ ಕೈನೇಸ್. ಫಾಸ್ಫೇಟೇ ಇಲ್ಲದ ಅಡೆನೊಸಿನ್‌ಗೆ ಮೊದಲ ಫಾಸ್ಫೇಟ್ ತೊಡಿಸುವುದು ಅಡೆನೊಸಿನ್ ಕೈನೇಸ್. ಎಟಿಪಿಯನ್ನು ಮಡಚಿ ಸೈಕ್ಲಿಕ್ ಎಎಂಪಿ ಮಾಡುವ ಅಡೆನಿಲೇಟ್ ಸೈಕ್ಲೇಸ್ ಇವೆರಡಕ್ಕೂ ಸಂಬಂಧವಿಲ್ಲದ ಬೇರೊಂದು ಕಿಣ್ವ. ಇವುಗಳನ್ನು ಕಲಸಿದರೆ ಮುಂದಿನ ಯಾವ ಮಾತೂ ಅರ್ಥವಾಗುವುದಿಲ್ಲ.

ಎಟಿಪಿಯಲ್ಲಿ ಮೂರು ಫಾಸ್ಫೇಟ್‌ಗಳಿದ್ದರೂ ಅವುಗಳ ನಡುವಿನ ಹೆಚ್ಚು ಶಕ್ತಿಯ ಅನ್‌ಹೈಡ್ರೈಡ್ ಬಂಧಗಳು ಎರಡೇ. ಎಡಿಪಿಯಲ್ಲಿ ಅಂಥದ್ದು ಒಂದು. ಎಎಂಪಿಯಲ್ಲಿ ಒಂದೂ ಇಲ್ಲ, ಏಕೆಂದರೆ ಅಲ್ಲಿ ಉಳಿದಿರುವ ಏಕೈಕ ಫಾಸ್ಫೇಟ್ ಸಕ್ಕರೆಗೆ ಸಾಧಾರಣ ಎಸ್ಟರ್ ಬಂಧದಿಂದ ಅಂಟಿಕೊಂಡಿರುತ್ತದೆ. ಈಗ ಲೆಕ್ಕ ಹಾಕಿ: ಒಂದು ಎಟಿಪಿ, ಒಂದು ಎಎಂಪಿ ಇರುವ ಕಡೆ ಬಂಧಗಳು ಎರಡು, ಎರಡು ಎಡಿಪಿ ಇರುವ ಕಡೆಯೂ ಎರಡು. ಒಂದು ಬಂಧ ಮುರಿದು ಅದೇ ಜಾತಿಯ ಇನ್ನೊಂದು ಬಂಧ ಹುಟ್ಟುವುದರಿಂದಲೇ ಸ್ಥಿರಾಂಕ ಒಂದರ ಹತ್ತಿರ ನಿಲ್ಲುತ್ತದೆ.

ನಮ್ಮ ಮಾಟುಂಗಾದ ಉಡುಪಿ ಹೋಟೆಲಿಗೆ ಬನ್ನಿ. ಗಲ್ಲೆಯ ಮೇಲೆ ಕುಳಿತವರದ್ದು ಒಂದು ವಿಚಿತ್ರ ನಿಯಮ ಎಂದುಕೊಳ್ಳಿ: ಒಂದು ಕಾಫಿಗೆ ಬೆಲೆ ಒಂದೇ ನೋಟು, ಆದರೆ ಕೈಯಲ್ಲಿ ಎರಡು ನೋಟು ಇರುವವನಿಗೆ ಮಾತ್ರ ಕಾಫಿ. ಒಂದೊಂದೇ ನೋಟು ಹಿಡಿದ ಇಬ್ಬರು ಬಂದರೆ ಇಬ್ಬರಿಗೂ ಕಾಫಿಯಿಲ್ಲ. ಒಬ್ಬನು ತನ್ನ ನೋಟನ್ನು ಇನ್ನೊಬ್ಬನಿಗೆ ಕೊಟ್ಟರೆ ಒಂದು ಕಾಫಿಯಾದರೂ ಹುಟ್ಟುತ್ತದೆ. ಇಂಥ ಹೋಟೆಲು ನಮ್ಮಲ್ಲಿ ಒಂದು ದಿನವೂ ನಡೆಯದು, ಆದರೆ ಸ್ನಾಯುವನ್ನು ಸಂಕುಚಿಸುವ ಮಯೋಸಿನ್ ಪ್ರೋಟೀನ್ ನಡೆಯುವುದು ಹೀಗೆಯೇ: ಅದು ಖರ್ಚು ಮಾಡುವುದು ಒಂದು ಬಂಧವನ್ನು, ಆದರೆ ಸ್ವೀಕರಿಸುವುದು ಎಟಿಪಿಯನ್ನು ಮಾತ್ರ. ಎಡಿಪಿಯಲ್ಲಿ ಉಳಿದಿರುವ ಬಂಧ ಅದಕ್ಕೆ ಮುಟ್ಟಲಾಗದ ಗಂಟು. ಅಡೆನಿಲೇಟ್ ಕೈನೇಸ್ ಆ ನೋಟನ್ನು ಕೈಯಿಂದ ಕೈಗೆ ದಾಟಿಸಿ, ಬಳಕೆಗೆ ಬಾರದೆ ಬಿದ್ದಿರುವ ಬಂಧಗಳಲ್ಲಿ ಅರ್ಧದಷ್ಟನ್ನು ಮತ್ತೆ ಎಟಿಪಿಯ ರೂಪಕ್ಕೆ ತರುತ್ತದೆ.

ಇದು ಸಂಕಟಕಾಲದ ಕೆಲಸ. ನಿತ್ಯದ ಕೆಲಸ ಇದಕ್ಕಿಂತ ಮುಖ್ಯವಾದದ್ದು ಎಂಬುದು ನನ್ನ ಅಭಿಪ್ರಾಯ. ಕೊಬ್ಬಿನಾಮ್ಲವನ್ನು ದಹನಕ್ಕೆ ಸಿದ್ಧಪಡಿಸುವಾಗಲೂ, ಪ್ರೋಟೀನ್ ತಯಾರಿಗೆ ಅಮೈನೋ ಆಮ್ಲವನ್ನು ಅದನ್ನು ಹೊತ್ತೊಯ್ಯುವ ಟಿಆರ್‌ಎನ್‌ಎಗೆ ಕಟ್ಟುವಾಗಲೂ ಎಟಿಪಿ ಎಡಿಪಿಯಾಗದೆ ನೇರವಾಗಿ ಎಎಂಪಿಯ ಮಟ್ಟಕ್ಕೆ ಇಳಿಯುತ್ತದೆ. ಪ್ಯೂರಿನ್‌ಗಳನ್ನು (ಅಡೆನಿನ್, ಗ್ವಾನೀನ್ ಗುಂಪಿನ ಅಣುಗಳನ್ನು) ಹೊಸದಾಗಿ ಕಟ್ಟುವ ದಾರಿಯೂ ಐಎಂಪಿ ಎಂಬ ನಡುಹಂತದ ಮೂಲಕ ಎಎಂಪಿಗೆ ಬಂದು ಮುಟ್ಟುತ್ತದೆ. ಮೈಟೋಕಾಂಡ್ರಿಯಾದ ಎಟಿಪಿ ಸಿಂಥೇಸ್ ಎಡಿಪಿಯನ್ನು ಕಂಡರೆ ಎಟಿಪಿ ಮಾಡಿಕೊಡುತ್ತದೆ. ಎಎಂಪಿಯನ್ನು ತಿರುಗಿಯೂ ನೋಡುವುದಿಲ್ಲ. ಹೀಗಾಗಿ ಎಎಂಪಿ ಮತ್ತೆ ಮೇಲೆ ಬರಬೇಕಾದರೆ ಯಾರಾದರೂ ಒಂದು ಮೆಟ್ಟಿಲು ಎತ್ತಿಕೊಡಬೇಕು. ಒಂದು ಎಟಿಪಿಯನ್ನು ವೆಚ್ಚ ಮಾಡಿ ಅದನ್ನು ಎಡಿಪಿಯಾಗಿಸುವ ಆ ಕೈ ಇದೇ ಕಿಣ್ವದ್ದು. ಗ್ವಾನೀನ್ ಪಾಳಿಯಲ್ಲಿ ಅದೇ ಕೆಲಸಕ್ಕೆ ಗ್ವಾನಿಲೇಟ್ ಕೈನೇಸ್ ಎಂಬ ಬೇರೆ ಕಿಣ್ವವಿದೆ.

ಮೂರನೆಯ ಉಪಯೋಗ ಬಹಳ ಸೊಗಸಾದದ್ದು, ಒಂದು ಕಾಗದ ತೆಗೆದುಕೊಂಡು ಲೆಕ್ಕ ಮಾಡಿದರೆ ಮಾತ್ರ ಅದರ ಸ್ವಾರಸ್ಯ ತಿಳಿಯುತ್ತದೆ. ಒಂದು ಕೋಶದಲ್ಲಿ ಎಟಿಪಿ 5, ಎಡಿಪಿ 0.5 ಮಿಲಿಮೋಲಾರ್ ಇದೆ ಎಂದಿಟ್ಟುಕೊಳ್ಳಿ. ಸ್ಥಿರಾಂಕ ಒಂದಾದರೆ ಎಎಂಪಿ ಎಂದರೆ ಎಡಿಪಿಯ ವರ್ಗವನ್ನು ಎಟಿಪಿಯಿಂದ ಭಾಗಿಸಿದಷ್ಟು, ಅಂದರೆ 0.05. ಈಗ ಓಡಿ ಬಂದು ರೈಲು ಹಿಡಿದಿರಿ, ಎಟಿಪಿ 4.5ಕ್ಕೆ ಇಳಿಯಿತು. ಮೂರರ ಒಟ್ಟು ಮೊತ್ತ 5.55 ಬದಲಾಗದಿದ್ದರೆ, ಎಡಿಪಿ ಸುಮಾರು 0.88ಕ್ಕೂ ಎಎಂಪಿ ಸುಮಾರು 0.17ಕ್ಕೂ ಬಂದು ನಿಲ್ಲುತ್ತವೆ. ಎಟಿಪಿ ಇಳಿದದ್ದು ನೂರಕ್ಕೆ ಹತ್ತು ಮಾತ್ರ. ಎಎಂಪಿ ಮಾತ್ರ ಮೂರು ಪಟ್ಟಿಗಿಂತ ಹೆಚ್ಚಾಯಿತು. ಜೀವಕೋಶಕ್ಕೆ ಎಟಿಪಿಯ ಸಣ್ಣ ಇಳಿಕೆಯನ್ನು ಅಳೆಯುವುದು ಕಷ್ಟ, ಎಎಂಪಿಯ ಈ ಜಿಗಿತವನ್ನು ಗುರುತಿಸುವುದು ಸುಲಭ. ಗ್ಲೈಕೋಜನ್ ಒಡೆಯುವ ಫಾಸ್ಫೊರಿಲೇಸ್, ಗ್ಲೂಕೋಸ್ ದಾರಿಯ ಫಾಸ್ಫೊಫ್ರಕ್ಟೋಕೈನೇಸ್, ಇಡೀ ಕೋಶದ ಖರ್ಚನ್ನು ನಿಯಂತ್ರಿಸುವ ಎಎಂಪಿಕೆ, ಮೂರೂ ಎಎಂಪಿಯ ಮಾತು ಕೇಳುತ್ತವೆ. 1968ರಲ್ಲಿ ಡೇನಿಯಲ್ ಅಟ್ಕಿನ್ಸನ್ ಕೋಶದ ಶಕ್ತಿಸ್ಥಿತಿಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಸೂತ್ರ ಕೊಟ್ಟಾಗಲೂ ಎಡಿಪಿಗೆ ಅರ್ಧ ಬೆಲೆ ಕಟ್ಟಿದ್ದು ಇದೇ ಕಾರಣಕ್ಕೆ: ಎರಡು ಎಡಿಪಿ ಒಂದು ಎಟಿಪಿಗೆ ಸಮ ಎಂಬುದನ್ನು ನಿಜ ಮಾಡುವ ಕಿಣ್ವ ಕೋಶದಲ್ಲಿ ಸದಾ ಇರುತ್ತದೆ.

ಇನ್ನು ನಿಮ್ಮ ಟ್ಯೂಬಿನ ವಿಷಯ. ಸ್ಥಿರಾಂಕ ಒಂದು ಎಂಬ ಮಾತು, ಯಾರೂ ಏನನ್ನೂ ಹೊರಗೆ ಎಳೆದುಕೊಳ್ಳದ ಮುಚ್ಚಿದ ಪಾತ್ರೆಗೆ ಅನ್ವಯಿಸುತ್ತದೆ. ನಿಮ್ಮ ರೀಏಜೆಂಟ್‌ನಲ್ಲಿ, ಅಂದರೆ ಪರೀಕ್ಷಾ ದ್ರಾವಣದಲ್ಲಿ, ಗ್ಲೂಕೋಸ್ ಮತ್ತು ಎಟಿಪಿಯ ಫಾಸ್ಫೇಟನ್ನು ಅದಕ್ಕೆ ದಾಟಿಸುವ ಹೆಕ್ಸೋಕೈನೇಸ್ ಕಾದು ಕುಳಿತಿವೆ. ಹುಟ್ಟಿದ ಎಟಿಪಿಯನ್ನು ಹೆಕ್ಸೋಕೈನೇಸ್ ಆಗಿಂದಾಗ ಕಬಳಿಸುತ್ತಿದ್ದರೆ ಸಮಸ್ಥಿತಿ ಬರುವುದೇ ಇಲ್ಲ. ಎಡಿಪಿ ಇರುವವರೆಗೂ ಪ್ರಕ್ರಿಯೆ ಒಂದೇ ದಿಕ್ಕಿಗೆ ಸಾಗುತ್ತಲೇ ಇರುತ್ತದೆ.

ಸ್ವಾರಸ್ಯವೆಂದರೆ, ಈ ಕಿಣ್ವ ಮನುಷ್ಯನ ಕಣ್ಣಿಗೆ ಮೊದಲು ಬಿದ್ದದ್ದೇ ಇಂಥ ಟ್ಯೂಬಿನಲ್ಲಿ. 1940ರ ದಶಕದ ಆರಂಭದಲ್ಲಿ ಸಿಡ್ನಿ ಕೊಲೊವಿಕ್ ಮತ್ತು ಹರ್ಮನ್ ಕಾಲ್ಕರ್ ಅಮೆರಿಕದ ಸೇಂಟ್ ಲೂಯಿಸ್‌ನ ಕೋರಿ ದಂಪತಿಯ ಪ್ರಯೋಗಾಲಯದಲ್ಲಿ ಯೀಸ್ಟಿನ ಹೆಕ್ಸೋಕೈನೇಸ್ ಜೊತೆ ಕೆಲಸ ಮಾಡುತ್ತಿದ್ದರು. ಶುದ್ಧ ಹೆಕ್ಸೋಕೈನೇಸ್ ಎಟಿಪಿಯ ಒಂದು ಫಾಸ್ಫೇಟನ್ನು ಮಾತ್ರ ಸಕ್ಕರೆಗೆ ಕೊಡುತ್ತಿತ್ತು. ಸ್ನಾಯುವಿನಿಂದ ತೆಗೆದ ಒಂದು ಪ್ರೋಟೀನನ್ನು ಬೆರೆಸಿದರೆ ಎರಡನೆಯ ಫಾಸ್ಫೇಟೂ ಬಳಕೆಯಾಗುತ್ತಿತ್ತು. ಆಮ್ಲದಲ್ಲಿ ಬಿಸಿ ಮಾಡಿದರೂ ಕೆಡದ ಆ ಹಟಮಾರಿ ಪ್ರೋಟೀನಿಗೆ ಅವರು ಮಯೋಕೈನೇಸ್ ಎಂದು ಹೆಸರಿಟ್ಟರು. ಅವರ ವಿವರವಾದ ಪ್ರಬಂಧ 1943ರದ್ದು. ಇಂದಿನ ಅಡೆನಿಲೇಟ್ ಕೈನೇಸ್ ಎಂದರೆ ಅದೇ. ಅಂದು ಅವರಿಗೆ ಶೋಧವಾಗಿ ಕಂಡದ್ದು ಇಂದು ನಿಮಗೆ ದೋಷವಾಗಿ ಕಂಡಿದೆ, ಅಷ್ಟೇ.

ಉತ್ತರ: ಪುಣೆಯಿಂದ, ಪ್ರಯೋಗಾಲಯದ ಗುಣಮಟ್ಟ ವಿಭಾಗದಲ್ಲಿರುವವನು

ಮೇಷ್ಟ್ರ ವಿವರಣೆಗೆ ಸೇರಿಸುವುದು ಸ್ವಲ್ಪವಿದೆ, ಒಂದು ಕಡೆ ಎಚ್ಚರಿಕೆಯ ಮಾತೂ ಇದೆ.

ಸಿಕೆ ಪರೀಕ್ಷೆಯಲ್ಲಿ ನಾವು ಸಿಕೆಯನ್ನು ನೇರವಾಗಿ ನೋಡುವುದಿಲ್ಲ. ಕ್ರಿಯೇಟಿನ್ ಫಾಸ್ಫೇಟ್ ಮತ್ತು ಎಡಿಪಿಯನ್ನು ರೀಏಜೆಂಟ್‌ನಲ್ಲಿ ಒದಗಿಸುತ್ತೇವೆ. ರೋಗಿಯ ಸಿಕೆ ಅವುಗಳಿಂದ ಎಟಿಪಿ ಮಾಡುತ್ತದೆ. ಹೆಕ್ಸೋಕೈನೇಸ್ ಆ ಎಟಿಪಿಯಿಂದ ಗ್ಲೂಕೋಸ್-6-ಫಾಸ್ಫೇಟ್ ಮಾಡುತ್ತದೆ. ಮೂರನೆಯ ಕಿಣ್ವ ಅದನ್ನು ಉತ್ಕರ್ಷಿಸುವಾಗ ಹುಟ್ಟುವ ಎನ್‌ಎಡಿಪಿಎಚ್ 340 ನ್ಯಾನೋಮೀಟರ್ ಬೆಳಕನ್ನು ಹೀರುತ್ತದೆ. ಅನಲೈಜರ್ ಅಳೆಯುವುದು ಆ ಹೀರಿಕೆ ನಿಮಿಷಕ್ಕೆ ಎಷ್ಟು ಏರಿತು ಎಂಬುದನ್ನು ಮಾತ್ರ. ಎಟಿಪಿ ಯಾರ ಮನೆಯಿಂದ ಬಂತು ಎಂದು ಅದು ಕೇಳುವುದಿಲ್ಲ. ಕೆಂಪು ಕಣದಿಂದ ಸೋರಿದ ಅಡೆನಿಲೇಟ್ ಕೈನೇಸ್‌ಗೆ ಕ್ರಿಯೇಟಿನ್ ಫಾಸ್ಫೇಟ್ ಬೇಕಿಲ್ಲ. ನಾವು ಸಿಕೆಗೆಂದು ಬಡಿಸಿಟ್ಟ ಎಡಿಪಿಯಿಂದಲೇ ಅದು ಎಟಿಪಿ ಮಾಡಿಬಿಡುತ್ತದೆ.

ರೀಏಜೆಂಟ್ ತಯಾರಿಸುವವರಿಗೆ ಇದು ಹಳೆಯ ತಲೆನೋವು. ಆದ್ದರಿಂದಲೇ ಅಂತರರಾಷ್ಟ್ರೀಯ ಶಿಫಾರಸಿನ ವಿಧಾನದಲ್ಲಿ ಎರಡು ತಡೆಗಳನ್ನು ಬೆರೆಸಿರುತ್ತಾರೆ: 5 ಮಿಲಿಮೋಲಾರ್ ಎಎಂಪಿ, ಮತ್ತು 10 ಮೈಕ್ರೋಮೋಲಾರ್ ಡೈಅಡೆನೊಸಿನ್ ಪೆಂಟಾಫಾಸ್ಫೇಟ್. ಎಎಂಪಿ ಈ ಕಿಣ್ವದ ಉತ್ಪನ್ನವೇ ಆದ್ದರಿಂದ ಅದನ್ನು ತುಂಬಿಟ್ಟರೆ ಮುನ್ನಡೆ ಕುಂಠಿತವಾಗುತ್ತದೆ. ಎರಡನೆಯದರ ವಿನ್ಯಾಸ ನೋಡಿ ನನಗೆ ಇಂದಿಗೂ ಖುಷಿಯಾಗುತ್ತದೆ. ಅಡೆನಿಲೇಟ್ ಕೈನೇಸ್ ಒಂದೇ ಸಲಕ್ಕೆ ಎರಡು ನ್ಯೂಕ್ಲಿಯೋಟೈಡ್‌ಗಳನ್ನು ಎರಡು ಪಕ್ಕದ ಗೂಡುಗಳಲ್ಲಿ ಹಿಡಿದು, ಮೇಲಿನ ಮುಚ್ಚಳದಂಥ ಭಾಗವನ್ನು ಮುಚ್ಚಿ, ನೀರು ಒಳನುಗ್ಗದಂತೆ ಮಾಡಿ, ಫಾಸ್ಫೇಟನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತದೆ. ನೀರು ಬಂದರೆ ಫಾಸ್ಫೇಟ್ ಜೊತೆಗಾರನಿಗೆ ಹೋಗದೆ ನೀರುಪಾಲಾಗುತ್ತದೆ, ಅಕ್ಷರಶಃ. ಎರಡು ಅಡೆನೊಸಿನ್‌ಗಳನ್ನು ಐದು ಫಾಸ್ಫೇಟ್‌ಗಳ ಸರಪಳಿಯಿಂದ ಜೋಡಿಸಿದ ಈ ತಡೆ ಎರಡೂ ಗೂಡುಗಳನ್ನು ಒಟ್ಟಿಗೆ ತುಂಬಿ ಬಾಗಿಲು ಜಡಿಯುತ್ತದೆ. ಒಂದೇ ತಡೆ ಸಾಲದೆ ಎರಡನ್ನು ಏಕೆ ಬಳಸುತ್ತಾರೆಂದರೆ, ಸ್ನಾಯು ಮತ್ತು ಕೆಂಪು ಕಣದ ಕಿಣ್ವ ಪೆಂಟಾಫಾಸ್ಫೇಟ್‌ಗೆ ಚೆನ್ನಾಗಿ ಮಣಿಯುತ್ತದೆ, ಯಕೃತ್ತಿನದು ಅಷ್ಟು ಮಣಿಯುವುದಿಲ್ಲ; ಎಎಂಪಿಯೊಂದನ್ನೇ ಹೆಚ್ಚಿಸೋಣವೆಂದರೆ ಅದು ಸಿಕೆಯನ್ನೂ ಅದುಮುತ್ತದೆ.

ಈಗ ಎಚ್ಚರಿಕೆಯ ಮಾತು. ಈ ತಡೆಗಳಿದ್ದರೂ ಹಿಮೋಲಿಸಿಸ್ ತೀವ್ರವಾದಾಗ ಸ್ವಲ್ಪ ಚಟುವಟಿಕೆ ಉಳಿಯುತ್ತದೆ ಎಂಬುದು ನಿಜ. ಆದರೆ 286ರಿಂದ 168ಕ್ಕೆ ಇಳಿದದ್ದೆಲ್ಲವೂ ಅಡೆನಿಲೇಟ್ ಕೈನೇಸ್‌ನದೇ ಎಂದು ಬರೆದುಬಿಡಲು ನನ್ನ ಕೈ ಬರುವುದಿಲ್ಲ. ನೀವು ಹೋಲಿಸಿದ್ದು ಎರಡು ಬೇರೆ ದಿನಗಳ ರಕ್ತವನ್ನು. ಆ ಹಿರಿಯರು ಹೋಟೆಲಿನಲ್ಲಿ ದುಡಿಯುವವರು. ಮೊದಲ ದಿನದ ಹಿಂದೆ ಹಿಟ್ಟಿನ ಪಾತ್ರೆ, ಗ್ಯಾಸ್ ಸಿಲಿಂಡರ್ ಎತ್ತಿರಬಹುದು, ಸೊಂಟಕ್ಕೆ ಚುಚ್ಚುಮದ್ದು ಹಾಕಿಸಿಕೊಂಡಿರಬಹುದು. ಇವೆರಡರಿಂದಲೂ ನಿಜವಾದ ಸಿಕೆಯೇ ಏರಿ, ವಿಶ್ರಾಂತಿಯಿಂದ ಇಳಿಯುತ್ತದೆ.

ಬೇರ್ಪಡಿಸಿ ನೋಡಬೇಕಾದರೆ ಒಂದು ಸಣ್ಣ ಪ್ರಯೋಗ ಸಾಕು. ಕ್ರಿಯೇಟಿನ್ ಫಾಸ್ಫೇಟ್ ಇಲ್ಲದ ಬ್ಲಾಂಕ್ ಓಡಿಸುವುದು ಶಾಸ್ತ್ರೀಯ ಕ್ರಮ, ಆದರೆ ನಿಮ್ಮ ಕಿಟ್‌ನಲ್ಲಿ ಅದೂ ಎಡಿಪಿಯೂ ಒಂದೇ ಬಾಟಲಿಯಲ್ಲಿದ್ದರೆ ಅದು ಆಗದ ಮಾತು. ಅದರ ಬದಲು ನಿಮ್ಮದೇ ರಕ್ತವನ್ನು ಒಂದೇ ಚುಚ್ಚಿನಲ್ಲಿ ಎರಡು ಟ್ಯೂಬಿಗೆ ತೆಗೆಯಿರಿ. ಒಂದನ್ನು ನಿಯಮದಂತೆ ತಿರುಗಿಸಿ ತಿಳಿ ಸೀರಮ್ ಪಡೆಯಿರಿ. ಇನ್ನೊಂದನ್ನು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಟ್ಯೂಬಿನಲ್ಲಿ ತೆಗೆದು, ಫ್ರೀಜರ್‌ನಲ್ಲಿ ಗಟ್ಟಿಯಾಗಿಸಿ, ಕರಗಿಸಿ, ಕಣಗಳೆಲ್ಲ ಒಡೆದ ಕೆಂಪು ದ್ರವ ಮಾಡಿಕೊಳ್ಳಿ. ಅದರ ಕೆಲವು ಮೈಕ್ರೋಲೀಟರ್‌ಗಳನ್ನು ತಿಳಿ ಸೀರಮ್‌ಗೆ ಹೆಚ್ಚಿಸುತ್ತ ಬೆರೆಸಿ ಸಿಕೆ ನೋಡಿ. ವ್ಯಕ್ತಿ ಒಬ್ಬನೇ, ಗಳಿಗೆ ಒಂದೇ. ಆಗ ಬರುವ ಏರಿಕೆಗೆ ಕೆಂಪು ಕಣವೇ ಹೊಣೆ.

ಸಂಖ್ಯೆಯ ಜೊತೆಗೆ ಅನಲೈಜರ್‌ನ ಪರದೆಯಲ್ಲಿ ಪ್ರಕ್ರಿಯೆಯ ಗೆರೆಯನ್ನೂ ತೆರೆದು ನೋಡಿ. ಒಡೆದ ಕಣದಿಂದ ಸಿದ್ಧ ಎಟಿಪಿ, ಗ್ಲೂಕೋಸ್-6-ಫಾಸ್ಫೇಟ್ ಕೂಡ ಬರುತ್ತವೆ; ಅವು ಆರಂಭದಲ್ಲಿ ಗೆರೆಯನ್ನು ಒಮ್ಮೆ ಮೇಲಕ್ಕೆ ಜಿಗಿಸಿ ಮುಗಿದುಹೋಗುತ್ತವೆ. ಹಿಮೋಗ್ಲೋಬಿನ್‌ನ ಬಣ್ಣ ಇಡೀ ಗೆರೆಯನ್ನು ಮೇಲೆ ಎತ್ತಿಡುತ್ತದೆ, ಓಟವನ್ನು ಬದಲಿಸುವುದಿಲ್ಲ. ಅಡೆನಿಲೇಟ್ ಕೈನೇಸ್‌ನ ಗುರುತೇ ಬೇರೆ: ಗೆರೆ ಕೊನೆಯವರೆಗೂ ಒಂದೇ ಸಮನೆ ಹೆಚ್ಚು ಕಡಿದಾಗಿ ಏರುತ್ತಿರುತ್ತದೆ.

ಮೇಷ್ಟ್ರಲ್ಲಿ ಒಂದು ಸಣ್ಣ ತಕರಾರು: ನೋಟಿನ ಹೋಲಿಕೆಯಲ್ಲಿ ಮೆಗ್ನೀಸಿಯಮ್ ಬಿಟ್ಟುಹೋಗಿದೆ. ಕಿಣ್ವ ಹಿಡಿಯುವ ಜೋಡಿಯಲ್ಲಿ ಒಂದಕ್ಕೆ ಮೆಗ್ನೀಸಿಯಮ್ ಅಂಟಿರಬೇಕು, ಇನ್ನೊಂದು ಬರಿದಾಗಿರಬೇಕು. ಎರಡು ಎಡಿಪಿಗಳು ನೋಡಲು ಒಂದೇ ಆದರೂ ಗೂಡಿನೊಳಗೆ ಅವುಗಳ ಪಾತ್ರ ಬೇರೆ ಬೇರೆ. ಸ್ಥಿರಾಂಕ ಕೂಡ ಮೆಗ್ನೀಸಿಯಮ್‌ನ ಪ್ರಮಾಣದೊಂದಿಗೆ ಅಷ್ಟಿಷ್ಟು ಸರಿಯುತ್ತದೆ.

ಮರುಪ್ರಶ್ನೆ: ಡೊಂಬಿವ್ಲಿ

ಮೇಷ್ಟ್ರಿಗೂ ಪುಣೆಯ ಅಣ್ಣನವರಿಗೂ ಕೃತಜ್ಞತೆಗಳು. ಪ್ರಯೋಗವನ್ನು ಈ ಭಾನುವಾರ ಪಾಳಿ ಮುಗಿದ ಮೇಲೆ ಮಾಡುತ್ತೇನೆ. ಹಿರಿಯ ತಂತ್ರಜ್ಞರು ಒಪ್ಪಿದ್ದಾರೆ. ಆ ಹೋಟೆಲ್ ಹಿರಿಯರನ್ನು ದೂರವಾಣಿಯಲ್ಲಿ ವಿಚಾರಿಸಿದೆ. ಮೊದಲ ರಕ್ತ ತೆಗೆಯುವ ಹಿಂದಿನ ದಿನ ಮಗಳ ಮನೆ ಬದಲಾಯಿಸಲು ಮೂರು ಮಹಡಿ ಸಾಮಾನು ಹೊತ್ತಿದ್ದರಂತೆ! ನಮ್ಮ ಅರ್ಜಿಯಲ್ಲಿ ಇದನ್ನು ಕೇಳುವ ಸಾಲೇ ಇಲ್ಲ.

ಇನ್ನೊಂದು ಸಂದೇಹ. ಎಎಂಪಿ ಹೆಚ್ಚಾದರೆ ಅದಷ್ಟೂ ಮೇಲಕ್ಕೆ ಬಂದು ಎಟಿಪಿಯಾಗುತ್ತದೆಯೇ, ಅಥವಾ ಯೂರಿಕ್ ಆಮ್ಲವಾಗಿ ಹೊರಹೋಗುತ್ತದೆಯೇ? ಈ ಹಿರಿಯರ ಯೂರಿಕ್ ಆಮ್ಲವೂ ಮೇಲಿನ ಮಿತಿಯಲ್ಲಿಯೇ ಇತ್ತು. ಈ ಕಿಣ್ವ ಹುಟ್ಟಿನಿಂದಲೇ ಇಲ್ಲದವರಿಗೆ ಏನಾಗುತ್ತದೆ ಎಂಬುದನ್ನೂ ತಿಳಿಯುವ ಕುತೂಹಲವಿದೆ.

ಉತ್ತರ: ಮಡಗಾಂವ್‌ನಿಂದ, ವೃತ್ತಿಯಲ್ಲಿ ವೈದ್ಯೆ

ಎಎಂಪಿಯ ಮುಂದೆ ಎರಡು ದಾರಿಗಳಿವೆ, ಯಾವುದು ತೆರೆದಿದೆ ಎಂಬುದು ಆ ಹೊತ್ತಿನ ಅವಸ್ಥೆಯನ್ನು ಅವಲಂಬಿಸುತ್ತದೆ. ಆಮ್ಲಜನಕ, ಆಹಾರ ಸರಿಯಾಗಿ ಒದಗುತ್ತಿದ್ದರೆ ಅಡೆನಿಲೇಟ್ ಕೈನೇಸ್ ಅದನ್ನು ಎಡಿಪಿಗೆ ಎತ್ತಿ ಮರಳಿ ಬಳಕೆಗೆ ತರುತ್ತದೆ. ಸ್ನಾಯು ಮಿತಿಮೀರಿ ದುಡಿಯುತ್ತಿರುವಾಗ ಇದೇ ಕಿಣ್ವ ಎದುರು ದಿಕ್ಕಿಗೆ ಓಡುತ್ತದೆ, ಎಎಂಪಿ ಶೇಖರವಾಗುತ್ತದೆ. ಆಗ ಎಎಂಪಿ ಡಿಅಮಿನೇಸ್ ಅದರಿಂದ ಅಮೋನಿಯ ಕಿತ್ತು ಐಎಂಪಿ ಮಾಡುತ್ತದೆ. ಎಎಂಪಿಯನ್ನು ಹೀಗೆ ಸರಿಸಿದಷ್ಟೂ ಎರಡು ಎಡಿಪಿಗಳಿಂದ ಎಟಿಪಿ ಹುಟ್ಟುವುದು ಸುಲಭವಾಗುತ್ತದೆ, ಅಂದರೆ ಸ್ನಾಯು ಆ ಗಳಿಗೆಯ ಎಟಿಪಿಗಾಗಿ ತನ್ನ ಪ್ಯೂರಿನ್ ಬಂಡವಾಳವನ್ನೇ ಕರಗಿಸಿಕೊಳ್ಳುತ್ತದೆ. ಐಎಂಪಿಯ ಒಂದಷ್ಟು ಭಾಗ ವಿಶ್ರಾಂತಿಯಲ್ಲಿ ಮರಳಿ ಎಎಂಪಿಯಾಗುತ್ತದೆ. ಉಳಿದದ್ದು ಇನೊಸಿನ್, ಹೈಪೊಕ್ಸಾಂಥೀನ್ ಆಗಿ ರಕ್ತಕ್ಕೆ ಸೋರಿ, ಯಕೃತ್ತಿನಲ್ಲಿ ಕ್ಸಾಂಥೀನ್ ಆಕ್ಸಿಡೇಸ್‌ನ ಕೈಯಲ್ಲಿ ಯೂರಿಕ್ ಆಮ್ಲವಾಗುತ್ತದೆ. ಅಲ್ಲೊಪುರಿನಾಲ್ ಮಾತ್ರೆ ತಡೆಯುವುದು ಈ ಕೊನೆಯ ಕಿಣ್ವವನ್ನು. ಯೂರಿಕ್ ಆಮ್ಲವನ್ನು ಮುಂದಕ್ಕೆ ಒಡೆಯುವ ಯೂರಿಕೇಸ್ ಬೇರೆ ಬಹಳಷ್ಟು ಸಸ್ತನಿಗಳಲ್ಲಿದೆ, ಮನುಷ್ಯನಲ್ಲಿ ಕೆಲಸ ಮಾಡುವುದಿಲ್ಲ.

ಇದು ಎದ್ದು ಕಾಣುವುದು ಮೆಕಾರ್ಡಲ್ ಕಾಯಿಲೆಯವರಲ್ಲಿ. ಅವರ ಸ್ನಾಯು ತನ್ನ ಗ್ಲೈಕೋಜನ್ ಒಡೆಯಲಾರದು. ಸ್ವಲ್ಪ ಶ್ರಮಕ್ಕೇ ಎಎಂಪಿ ಏರುತ್ತದೆ, ವ್ಯಾಯಾಮದ ನಂತರ ಯೂರಿಕ್ ಆಮ್ಲವೂ ಏರುತ್ತದೆ, ಸಿಕೆ ಸದಾ ಹೆಚ್ಚಿರುತ್ತದೆ.

ಯಕೃತ್ತಿನಲ್ಲಿ ಇದೇ ನಾಟಕವನ್ನು ಆಡಿಸುವುದು ಫ್ರಕ್ಟೋಸ್. ಫ್ರಕ್ಟೋಕೈನೇಸ್ ಕಡಿವಾಣವಿಲ್ಲದ ಕಿಣ್ವ. ಸಿಹಿ ಪಾನೀಯದ ಫ್ರಕ್ಟೋಸ್ ಒಟ್ಟಿಗೆ ಬಂದಾಗ ಎಟಿಪಿಯನ್ನು ಬರಿದು ಮಾಡಿ ಫಾಸ್ಫೇಟನ್ನೆಲ್ಲ ಫ್ರಕ್ಟೋಸ್-1-ಫಾಸ್ಫೇಟ್‌ನಲ್ಲಿ ಸಿಕ್ಕಿಸಿಡುತ್ತದೆ. ಎಡಿಪಿಗಳು ಅಡೆನಿಲೇಟ್ ಕೈನೇಸ್ ಮೂಲಕ ಎಎಂಪಿಯಾಗುತ್ತವೆ. ಬಿಡಿ ಫಾಸ್ಫೇಟ್ ಇದ್ದರೆ ಎಎಂಪಿ ಡಿಅಮಿನೇಸ್ ಹಿಡಿತದಲ್ಲಿರುತ್ತದೆ, ಅದು ಕಡಿಮೆಯಾದಾಗ ಹಿಡಿತ ತಪ್ಪುತ್ತದೆ. ಗೌಟ್, ಅಂದರೆ ಯೂರಿಕ್ ಆಮ್ಲದಿಂದ ಬರುವ ಕೀಲುನೋವು ಇರುವ ನನ್ನ ರೋಗಿಗಳು ತೊಗರಿಬೇಳೆಯ ಸಾರಿಗೆ ಹೆದರುತ್ತಾರೆ, ಊಟದ ಜೊತೆಯ ತಂಪು ಪಾನೀಯದ ಬಾಟಲಿಗೆ ಹೆದರುವುದಿಲ್ಲ. ಹೇಳಿ ಹೇಳಿ ಸಾಕಾಗಿದೆ.

ಹಾಗೆಂದು ನಿಮ್ಮ ಹಿರಿಯರ ಯೂರಿಕ್ ಆಮ್ಲವನ್ನು ಒಂದು ದಿನದ ಸಾಮಾನು ಹೊರುವಿಕೆಗೆ ಕಟ್ಟಿಹಾಕಬೇಡಿ. ಮೂತ್ರಪಿಂಡ, ತೂಕ, ರಕ್ತದೊತ್ತಡದ ಮಾತ್ರೆಗಳು, ಇವೆಲ್ಲವನ್ನೂ ಅವರ ವೈದ್ಯರು ನೋಡಬೇಕು.

ಕಿಣ್ವ ಇಲ್ಲದವರ ವಿಷಯ. ಅಡೆನಿಲೇಟ್ ಕೈನೇಸ್ ಒಂದೇ ಅಲ್ಲ, ಒಂದು ಕುಟುಂಬ. ಮೊದಲನೆಯದು ಸ್ನಾಯು, ಮೆದುಳು ಮತ್ತು ಕೆಂಪು ಕಣಗಳ ಕೋಶದ್ರವದಲ್ಲಿದೆ, ನಿಮ್ಮ ಟ್ಯೂಬಿಗೆ ಬಂದದ್ದು ಇದು. ಎರಡನೆಯದು ಮೈಟೋಕಾಂಡ್ರಿಯಾದ ಎರಡು ಪೊರೆಗಳ ನಡುವೆ ಇದೆ. ಮೂರನೆಯದು ಮೈಟೋಕಾಂಡ್ರಿಯಾದ ಒಳಭಾಗದಲ್ಲಿದ್ದು ಎಟಿಪಿಯ ಬದಲು ಅದರ ಗ್ವಾನೀನ್ ಜೊತೆಗಾರ ಜಿಟಿಪಿಯಿಂದ ಫಾಸ್ಫೇಟ್ ಪಡೆಯುತ್ತದೆ. ಮೊದಲನೆಯದರ ಕೊರತೆ ಬಹಳ ಅಪರೂಪ, ಅದರಿಂದ ಕೆಂಪು ಕಣಗಳು ಬೇಗ ಒಡೆಯುವ ರಕ್ತಹೀನತೆ ಬರುತ್ತದೆ. ಎರಡನೆಯದರ ಕೊರತೆ ಘೋರವಾದದ್ದು. ರೆಟಿಕ್ಯುಲರ್ ಡಿಸ್‌ಜೆನೆಸಿಸ್ ಎಂದು 1959ರಲ್ಲಿಯೇ ವರ್ಣಿತವಾಗಿದ್ದ ಕಾಯಿಲೆಗೆ ಇದೇ ಜೀನ್ ಕಾರಣವೆಂದು 2009ರಲ್ಲಿ ತಿಳಿಯಿತು. ಮಗು ಬಿಳಿ ರಕ್ತಕಣಗಳ ಎರಡೂ ಪಡೆಗಳಿಲ್ಲದೆ, ಅಂದರೆ ನ್ಯೂಟ್ರೋಫಿಲ್ ಮತ್ತು ಲಿಂಫೋಸೈಟ್‌ಗಳಿಲ್ಲದೆ ಹುಟ್ಟುತ್ತದೆ, ಕಿವಿಯೂ ಕೇಳಿಸುವುದಿಲ್ಲ. ಆಕರಕೋಶ ಕಸಿ ಮಾಡಿದರೆ ರಕ್ತ ಸುಧಾರಿಸುತ್ತದೆ, ಕಿವುಡು ಉಳಿಯುತ್ತದೆ. ಲಾಭವಿಲ್ಲದ, ನಷ್ಟವಿಲ್ಲದ ವ್ಯವಹಾರ ಎಂದು ನೀವು ಬರೆದದ್ದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಈ ಮಕ್ಕಳು.

ಡೊಂಬಿವ್ಲಿಯಿಂದ, ಎರಡು ವಾರದ ನಂತರ

ಪ್ರಯೋಗ ಮುಗಿಯಿತು. ನನ್ನ ತಿಳಿ ಸೀರಮ್‌ನಲ್ಲಿ ಸಿಕೆ 94. ಅದೇ ಸೀರಮ್‌ನ ಅರ್ಧ ಮಿಲಿಲೀಟರ್‌ಗೆ ಒಡೆದ ಕಣದ ದ್ರವವನ್ನು 5, 10, 20 ಮೈಕ್ರೋಲೀಟರ್ ಬೆರೆಸಿದಾಗ ಕ್ರಮವಾಗಿ 99, 106, 121 ಬಂದಿತು. 20 ಬೆರೆಸಿದ ಟ್ಯೂಬಿನ ಬಣ್ಣ ಆ ದಿನದ ಕೋಕಂ ಬಣ್ಣಕ್ಕೆ ಸರಿಸುಮಾರು ಹೊಂದುತ್ತಿತ್ತು. ಗೆರೆಯನ್ನೂ ತೆರೆದು ನೋಡಿದೆ: ಶುರುವಿನಲ್ಲಿ ಒಂದು ಸಣ್ಣ ಗೂನು, ಅದರ ಮುಂದೆ ನೇರವಾದ, ತುಸು ಹೆಚ್ಚು ಕಡಿದಾದ ಏರು. ಎರಡನ್ನೂ ಒಂದರ ಮೇಲೊಂದಿಟ್ಟು ಹಿರಿಯ ತಂತ್ರಜ್ಞರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಹಾಗಾದರೆ ಉಳಿದ ತೊಂಬತ್ತು ಆ ಮೂರು ಮಹಡಿಯದ್ದು" ಎಂದರು.

ಅರ್ಜಿಯಲ್ಲಿ "ಕಳೆದ ಮೂರು ದಿನಗಳಲ್ಲಿ ಭಾರ ಎತ್ತಿದ್ದೀರಾ, ಸ್ನಾಯುವಿಗೆ ಇಂಜೆಕ್ಷನ್ ಹಾಕಿಸಿಕೊಂಡಿದ್ದೀರಾ" ಎಂಬ ಸಾಲನ್ನು ಮರಾಠಿ ಮತ್ತು ಹಿಂದಿಯಲ್ಲಿ ಸೇರಿಸಿದ್ದೇವೆ. ರಕ್ತ ತೆಗೆಯುವ ಹುಡುಗನಿಗೆ ಸಿರಿಂಜ್‌ನಿಂದ ಟ್ಯೂಬಿಗೆ ಸೂಜಿಯ ಮೂಲಕವೇ ಒತ್ತಿ ಇಳಿಸಬಾರದೆಂದು ತೋರಿಸಿಕೊಟ್ಟೆ. ಅವನು ಇಷ್ಟು ದಿನ ಮಾಡುತ್ತಿದ್ದದ್ದು ಅದನ್ನೇ.

ಪುಣೆಯಿಂದ

ಚೆನ್ನಾಗಿ ಮಾಡಿದ್ದೀರಿ. ಒಂದು ಮಾತ್ರ: ಈ 27ರ ಏರಿಕೆಯನ್ನು ಮುಂದೆ ಹಿಮೋಲೈಸ್ ಆದ ಸ್ಯಾಂಪಲ್‌ಗಳಿಂದ ಕಳೆದು ರಿಪೋರ್ಟ್ ಮಾಡುವ ಮೋಹಕ್ಕೆ ಬೀಳಬೇಡಿ. ಕೆಂಪು ಕಣದಲ್ಲಿರುವ ಕಿಣ್ವದ ಪ್ರಮಾಣ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ, ತಡೆಯ ಬಲವೂ ರೀಏಜೆಂಟ್‌ನಿಂದ ರೀಏಜೆಂಟ್‌ಗೆ ಬದಲಾಗುತ್ತದೆ. ಮತ್ತೆ ರಕ್ತ ತೆಗೆಸಿ.